ಮೇಲೇರಿದ ಸೊನ್ನೆ

ಇದು ನಡೆದದ್ದು ಮುಂಗಾರಿನ ಎರಡನೆಯ ವಾರ. ನಗರದ ರಾಜಕಾಲುವೆಯ ಗೋಡೆಯೊಳಗೆ ಒಂದು ಹೆಗ್ಗಣ ಮರಿ ಹಾಕಿತ್ತು. ನೀರಿನ ಮಟ್ಟ ತೋರಿಸುವ ಕಂಬ ಎದುರಿಗೇ ಇತ್ತು. ಹೋದ ವರ್ಷ ತೋಡಿದಾಗ ಬಿಲ ಇದ್ದದ್ದು ಅದರ ಆರನೆಯ ಅಡಿಯ ನೇರಕ್ಕೆ. ನೀರು ಐದಡಿ ಮುಟ್ಟಿದೊಡನೆ ಮರಿಗಳನ್ನು ದಂಡೆಗೆ ಸಾಗಿಸುವುದು ಹೆಗ್ಗಣದ ರೂಢಿ.

ಅಂದು ಮಳೆ ಜೋರಾಯಿತು. ತರಕಾರಿ ಮಾರುಕಟ್ಟೆಯ ಮೂಲೆಯಿಂದಲೇ ಹೆಗ್ಗಣ ಕೂಗಿ ಕೇಳಿತು, "ಕಂಬಣ್ಣ, ಎಷ್ಟಾಯಿತು?"

"ನಾಲ್ಕೂವರೆ."

"ಹಾಗಾದರೆ ಇನ್ನೂ ಹೊತ್ತಿದೆ," ಎಂದು ಅದು ಮೇವು ಹುಡುಕುತ್ತ ಉಳಿಯಿತು.

ಮರಳಿ ಬಂದಾಗ ಬಿಲದ ಬಾಯಿ ನೀರಿನಲ್ಲಿ ಮುಳುಗಿತ್ತು.

"ನಿನ್ನನ್ನು ನಂಬಿದ್ದೆನಲ್ಲಣ್ಣ."

"ನಾನು ಸುಳ್ಳು ಹೇಳಲಿಲ್ಲ ತಂಗಿ. ಕಾಲುವೆಯಲ್ಲಿ ಎರಡಡಿ ಹೂಳು ತುಂಬಿದೆ. ನೆರೆ ತಡೆಯುವ ಯೋಜನೆ ಎಂದು ಹೋದ ತಿಂಗಳು ನಗರದವರು ಬಂದರು. ಹೂಳು ಎತ್ತಲಿಲ್ಲ, ನನ್ನ ಸೊನ್ನೆಯನ್ನೇ ಎರಡಡಿ ಮೇಲೆ ಬರೆದು ಹೋದರು. ಹಳೆಯ ಆರಡಿ ಈಗ ನಾಲ್ಕಡಿ."

"ನನಗೇಕೆ ಹೇಳಲಿಲ್ಲ?"

"ನೀನು ದಿನವೂ ನೀರೆಷ್ಟು ಎಂದು ಕೇಳಿದೆ. ಸೊನ್ನೆ ಎಲ್ಲಿದೆ ಎಂದು ಕೇಳಲಿಲ್ಲ."

ಮರುದಿನ ನೀರು ಇಳಿಯಿತು. ನೌಕರನೊಬ್ಬ ಬಂದು ಕಂಬದ ಮೇಲಿನ ಕೆಸರಿನ ಗೆರೆ ನೋಡಿ, ಈ ವರ್ಷ ನೆರೆ ತಗ್ಗಿದೆ ಎಂದು ಬರೆದುಕೊಂಡ. ಅವನು ಹೋದ ಮೇಲೆ ಹೆಗ್ಗಣ ಮರಿಗಳನ್ನು ಒಂದೊಂದಾಗಿ ಹೊರತಂದು ದಂಡೆಯ ಮೇಲೆ ಮಲಗಿಸಿತು. ಒಟ್ಟು ಏಳು.