ಮುದ್ದುಮಾದನ ಮೇಲ್ಮನವಿ

ಇದು ರಾಜರ ಕಾಲದ ಮಾತಲ್ಲ, ಮೊನ್ನೆ ಮೊನ್ನೆಯ ಮಾತು. ಕೇಳೋರು ಕೇಳಿ, ನಗು ಬಂದೋರು ನಗಿ.

ಒಂದು ಪೇಟೆಯಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡೋದು ಅವಳ ಕೆಲಸ. ಗಂಡ ಇಲ್ಲ, ಇದ್ದೋನು ಒಬ್ಬನೇ ಮಗ, ಹೆಸರು ಮುದ್ದುಮಾದ. ಆಳು ತೆಂಗಿನ ಮರದ ಹಾಗೆ, ಮನಸ್ಸು ಹಾಲಿನ ಹಾಗೆ, ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. "ಹಾಲು ಉಕ್ಕೋದು ನೋಡ್ಕೊಳ್ಲಾ" ಅಂದರೆ, ಹಾಲು ಉಕ್ಕಿ, ಒಲೆ ಆರಿ, ನೆಲಕ್ಕೆ ಹರಿಯೋವರೆಗೂ ಕಣ್ಣು ಮಿಟುಕಿಸದೆ ನೋಡ್ಕೊಂಡು ಕೂತಿರೋನು.

"ಇವನನ್ನ ಕಟ್ಕೊಂಡು ನಾನು ಹೆಂಗಪ್ಪ ಏಗಲಿ" ಅಂತ ತಾಯಿ ಹಣೆ ಹಣೆ ಚಚ್ಚಿಕೊಳ್ಳೋಳು.

ಹೀಗಿರೋವಾಗ ಹಾಸ್ಟೆಲಿನ ವಾರ್ಡನ್ ಒಂದು ದಿನ ಅಂದರು, "ದೊಡ್ಡತಾಯಮ್ಮ, ಇಲ್ಲಿ ನಲ್ಲಿ, ಪೈಪು ನೋಡ್ಕೊಳ್ಳೋಕೆ ಒಬ್ಬರು ಬೇಕು. ನಿನ್ನ ಮಗ ಮೂರು ತಿಂಗಳ ತರಬೇತಿ ಮುಗಿಸಿ ಸರ್ಟಿಫಿಕೇಟ್ ತರಲಿ. ದಸರಾ ರಜ ಮುಗಿಯೋವರೆಗೂ ಜಾಗ ಹಿಡಿದಿರ್ತೀನಿ. ಆಮೇಲೆ ನನ್ನ ಕೈಲಿಲ್ಲ."

ದೊಡ್ಡತಾಯಮ್ಮನಿಗೆ ಬೇಸಿಗೆಯಲ್ಲಿ ಮಳೆ ಬಂದ ಹಾಗಾಯ್ತು. ಮಗನನ್ನು ತರಬೇತಿ ಕೇಂದ್ರಕ್ಕೆ ಸೇರಿಸಿದಳು. ಮುದ್ದುಮಾದ ಹೋದ, ಕಲಿತ. ಮೇಷ್ಟ್ರು "ಮೂರು ಸುತ್ತು ಟೇಪು ಸುತ್ತು" ಅಂದರೆ ಮೂರೇ ಸುತ್ತು. ಅವನು ಹಾಕಿದ ಪೈಪು ಒಂದೂ ಸೋರಲಿಲ್ಲ. ತಾಯಿಗೂ ಧೈರ್ಯ ಬಂತು.

ಮೂರು ತಿಂಗಳಾಯ್ತು, ಪರೀಕ್ಷೆ ಬಂತು. ಬೇರೆ ಊರಿನಿಂದ ಶೇಷಗಿರಿ ಅನ್ನೋ ಪರೀಕ್ಷಕರು ಬಂದರು. ಫೋನು ಕಿವಿಯಿಂದ ತೆಗೆಯದೇ ಒಂದು ಸೋರೋ ನಲ್ಲಿ ತೋರಿಸಿ, "ಇದರಿಂದ ಒಂದು ಹನಿ ನೀರೂ ಬೀಳಬಾರದು, ಹಂಗೆ ಮಾಡು" ಅಂದರು.

ಮುದ್ದುಮಾದ ಯೋಚಿಸಿದ. ಒಂದು ಹನಿಯೂ ಬೀಳಬಾರದು ಅಂದರೆ ಒಂದು ಹನಿಯೂ ಬೀಳಬಾರದು. ನಲ್ಲಿ ಬಿಚ್ಚಿದ. ಪೈಪಿನ ಬಾಯಿಗೆ ಬಿಗಿಯಾಗಿ ಬಿರಡೆ ಬಡಿದ. ಅದರ ಮೇಲೆ ನಲ್ಲಿ ಕೂರಿಸಿ, ಅಂದವಾಗಿ ಒರೆಸಿ, ಕೈ ಕಟ್ಟಿ ನಿಂತ. ಪರೀಕ್ಷಕರು ನಲ್ಲಿ ತಿರುಗಿಸಿದರು. ನೀರಿಲ್ಲ. ಪೂರ್ತಿ ತಿರುಗಿಸಿದರು. ಗಾಳಿಯೂ ಇಲ್ಲ.

"ಫೇಲ್" ಅಂದರು, ಬರೆದುಕೊಂಡರು, ಹೊರಟೇ ಹೋದರು.

ಮುದ್ದುಮಾದ ಮನೆಗೆ ಬಂದು ಹೇಳಿದ. ದೊಡ್ಡತಾಯಮ್ಮ ಸೌಟು ಕೆಳಗಿಟ್ಟಳು.

"ಫೇಲ್ ಅಂದ್ರು, ನೀನು ಬಾಲ ಮುದುರ್ಕೊಂಡು ಬಂದ್ಯಾ? ಅವರು ಹೇಳಿದ್ದೇ ತಾನೇ ನೀನು ಮಾಡಿದ್ದು? ಯಾಕೆ ಫೇಲು, ಏನು ತಪ್ಪು, ಅಂತ ಕೇಳಬಾರದಾ? ನಾಳೆ ಆಫೀಸಿಗೆ ಹೋಗಿ ಬಾಯಿಬಿಟ್ಟು ಕೇಳು."

"ಆಗ್ಲಿ ಕಣವ್ವ" ಅಂದ ಮುದ್ದುಮಾದ.

ಮಾರನೇ ದಿನ ಆಫೀಸಿಗೆ ಹೋದ. ಗುಮಾಸ್ತೆ ಜಯಶೀಲಮ್ಮನ ಮೇಜಿನ ಮುಂದೆ ನಿಂತ. ಬಾಯಿ ಬಿಟ್ಟ. ಕಿವಿಗೊಟ್ಟು ಕೇಳಿದ. ಫ್ಯಾನು ತಿರುಗೋದು ಕೇಳಿಸಿತು, ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮೋದು ಕೇಳಿಸಿತು. ಯಾಕೆ ಫೇಲು ಅಂತ ಮಾತ್ರ ಯಾರೂ ಹೇಳೋದು ಕೇಳಿಸಲಿಲ್ಲ. ಅರ್ಧ ಗಂಟೆ ಹೋಯ್ತು. ಜಯಶೀಲಮ್ಮ ಕನ್ನಡಕದ ಮೇಲಿಂದ ನೋಡಿದಳು.

"ಏನಪ್ಪ, ಹಲ್ಲು ನೋವಾ?"

"ಇಲ್ಲ ಮೇಡಂ. ಬಾಯಿಬಿಟ್ಟು ಕೇಳ್ತಾ ಇದೀನಿ. ಅವ್ವ ಹೇಳಿದಾಳೆ. ನನ್ನ ಫೇಲ್ ಮಾಡಿದಾರೆ."

ಜಯಶೀಲಮ್ಮ ಒಳ್ಳೆಯವಳೇ. ಪೆನ್ನು ಕೆಳಗಿಟ್ಟು ಹೇಳಿದಳು, "ನೋಡಪ್ಪ, ಫಲಿತಾಂಶ ಒಪ್ಪಿಗೆ ಇಲ್ಲ ಅಂದ್ರೆ ಅದಕ್ಕೊಂದು ದಾರಿ ಇದೆ. ಮೇಲ್ಮನವಿ ಅಂತಾರೆ. ಏನಾಯ್ತು ಅಂತ ಬರೆದು ಮೇಲಕ್ಕೆ ಹಾಕು. ಮೇಲಿನೋರು ನೋಡ್ತಾರೆ. ಹತ್ತು ದಿನ ಟೈಮಿದೆ, ಅದು ದಾಟಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ."

ಮುದ್ದುಮಾದ ಅಲ್ಲೇ ಕೂತು ಬರೆದ. ಮಡಿಸಿದ. ಮೆಟ್ಟಿಲು ಹತ್ತಿದ. ಒಂದನೇ ಮಹಡಿ, ಎರಡನೇ ಮಹಡಿ, ಅದರ ಮೇಲೆ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಮನವಿ ಇಟ್ಟು, ಹಾರಿ ಹೋಗದ ಹಾಗೆ ಕಲ್ಲು ಹೇರಿ, ನೆಮ್ಮದಿಯಾಗಿ ಇಳಿದು ಬಂದ.

ನಾಲ್ಕು ದಿನ ಕಳೀತು. ದೊಡ್ಡತಾಯಮ್ಮ ಕೇಳಿದಳು, "ಏನ್ಲಾ, ಮನವಿ ಹಾಕಿದೆ ಅಂದೆಯಲ್ಲ, ಯಾರಾದ್ರೂ ನೋಡಿದ್ರಾ?"

"ದಿನಾ ಹತ್ತಿ ನೋಡ್ತೀನಿ ಕಣವ್ವ. ಒಂದು ಕಾಗೆ ಬಂದಿತ್ತು, ಇನ್ಯಾರೂ ಬಂದಿಲ್ಲ."

"ಕಾಗೆ ಎಲ್ಲಿಂದ ಬಂತು?"

"ಮೇಲಿಂದ."

ಆಗ ಅವಳಿಗೆ ವಿಷಯ ತಿಳೀತು. ಗೋಡೆಗೆ ಒರಗಿ ಕೂತಳು. ಹತ್ತರಲ್ಲಿ ಐದು ದಿನ ಹೋಗಿತ್ತು.

"ಮೇಲೆ ಅಂದ್ರೆ ಮಾಳಿಗೆ ಮೇಲಲ್ಲ ಕಣೋ ಮಂಕೆ. ಮೇಲಿನೋರು ಅಂದ್ರೆ ಪ್ರಿನ್ಸಿಪಾಲರು. ನಾಳೆ ಹೋಗಿ ಅವರ ಕೈಗೇ ಕೊಡು. ಮೇಜಿನ ಮೇಲೆ ಇಡಬೇಡ, ಇನ್ನೊಬ್ಬರ ಕೈಲಿ ಕೊಡಬೇಡ, ಅವರ ಬಲಗೈಗೇ ಕೊಡು."

"ಆಗ್ಲಿ ಕಣವ್ವ" ಅಂದ ಮುದ್ದುಮಾದ.

ಮನವಿ ಇಳಿಸಿಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದ. ಅವರು ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದರು. ಬಲಗೈ ತುಂಬ ಮುದ್ದೆ, ಬಸ್ಸಾರು. ಎಡಗೈ ಖಾಲಿ ಇತ್ತು. ಆದರೆ ಅವ್ವ ಹೇಳಿದ್ದು ಬಲಗೈ. ಮುದ್ದುಮಾದ ಅವರ ಬಲಗೈ ಹಿಡಿದ, ಬೆರಳು ಬಿಡಿಸಿದ, ಮನವಿ ಇಟ್ಟ, ಬೆರಳು ಮುಚ್ಚಿದ.

ಪ್ರಿನ್ಸಿಪಾಲರು ಕಾಗದ ನೋಡಿದರು, ಕೈ ನೋಡಿದರು, ಮುದ್ದುಮಾದನನ್ನು ನೋಡಿದರು.

"ಯಾವುದಕ್ಕೂ ಒಂದು ಟೈಮು ಅಂತ ಇರಲ್ವೇನಯ್ಯ? ಇನ್ನೊಂದು ಬರೆದು ತಗೊಂಡು ಬಾ. ಟೈಮು ನೋಡಿ ಕೊಡು."

ಮಾರನೇ ದಿನ ಮುದ್ದುಮಾದ ಇನ್ನೊಂದು ಬರೆದು ತಂದ. ಪ್ರಿನ್ಸಿಪಾಲರು ಹತ್ತು ಜನ ಮೇಷ್ಟ್ರುಗಳನ್ನು ಕೂರಿಸಿಕೊಂಡು ಸಭೆ ಮಾಡ್ತಿದ್ದರು. ಅವನು ನೆಟ್ಟಗೆ ಒಳಗೆ ಹೋದ, ಗೋಡೆಯ ಗಡಿಯಾರ ನೋಡಿದ, "ಹನ್ನೊಂದೂ ಇಪ್ಪತ್ತು" ಅಂದ, ಮನವಿ ಕೊಟ್ಟ. ಇವನನ್ನು ಕಳಿಸಿದರೆ ಸಾಕು ಅಂತ ಪ್ರಿನ್ಸಿಪಾಲರು ಅಲ್ಲೇ ಓದಿದರು. ಓದಿ, ಹುಬ್ಬು ಮೇಲೇರಿಸಿದರು.

"ಪರೀಕ್ಷಕರು ಹೇಳಿದ ಹಾಗೇ ಮಾಡಿದೀನಿ ಅಂತ ಬರೆದಿದೀಯ. ಒಂದು ಹನಿಯೂ ಬೀಳಲಿಲ್ಲ ಅಂತೀಯ. ಪುರಾವೆ ಎಲ್ಲಿ? ಮನವಿಗೆ ಪುರಾವೆ ಲಗತ್ತಿಸಬೇಕು. ಲಗತ್ತಿಸಿ ಜಯಶೀಲಮ್ಮನಿಗೆ ಕೊಡು."

ಲಗತ್ತಿಸೋದು ಅಂದರೆ ಜೊತೆಗೆ ಸೇರಿಸಿ ಕಟ್ಟೋದು ಅಂತ ಅವನಿಗೆ ಗೊತ್ತಿತ್ತು. ಪುರಾವೆ ಎಲ್ಲಿದೆ ಅನ್ನೋದೂ ಗೊತ್ತಿತ್ತು. ತರಬೇತಿ ಶೆಡ್ಡಿಗೆ ಹೋದ. ಪರೀಕ್ಷೆಯ ನಲ್ಲಿ ಅವನು ಬಿಟ್ಟ ಹಾಗೇ ಗೋಡೆಯಲ್ಲಿತ್ತು. ರೆಂಚು ಹಾಕಿ ತಿರುಗಿಸಿದ. ನಲ್ಲಿ ಬಂತು, ಬಿರಡೆ ಬಂತು, ಅದರ ಹಿಂದೆ ನೀರೂ ಬಂತು. ಒಂದು ವಾರದಿಂದ ಒತ್ತಡದಲ್ಲಿದ್ದ ನೀರು, ಆಚೆ ಗೋಡೆಗೆ ಹೋಗಿ ಬಡೀತು. ಅಲ್ಲಿ ಕೂತಿದ್ದ ಹೊಲಿಗೆ ತರಗತಿಯವರು ಬಟ್ಟೆ ಎತ್ತಿಕೊಂಡು ಬೆಂಚು ಹತ್ತಿದರು. ಮುದ್ದುಮಾದ ತೊಟ್ಟಿಕ್ಕುತ್ತಾ ಆಫೀಸಿಗೆ ಬಂದು, ಟ್ವೈನು ದಾರದಲ್ಲಿ ನಲ್ಲಿಯನ್ನೂ ಬಿರಡೆಯನ್ನೂ ಮನವಿಗೆ ಬಿಗಿಯಾಗಿ ಕಟ್ಟಿ ಮೇಜಿನ ಮೇಲಿಟ್ಟ.

"ಪುರಾವೆ ಮೇಡಂ."

ಜಯಶೀಲಮ್ಮ ಮೇಜಿನ ನೀರು ಒರೆಸಿದಳು. ರಿಜಿಸ್ಟರಿನಲ್ಲಿ ನಂಬರು ಹಾಕಿದಳು, ಮುದ್ರೆ ಒತ್ತಿದಳು, ರಸೀದಿ ಹರಿದು ಕೊಟ್ಟಳು. ಅವತ್ತಿಗೆ ಎಂಟನೇ ದಿನ. ಗಡುವಿನೊಳಗೇ ಆಯ್ತು.

"ಮೂರು ಜನರ ಸಮಿತಿ ಕೂರುತ್ತೆ. ಸೋಮವಾರ ಬಾ. ನಿನ್ನ ಮಾತು ಕೇಳ್ತಾರೆ."

ಸಮಿತಿ ಅಂದ ತಕ್ಷಣ ದೊಡ್ಡತಾಯಮ್ಮ ಒಲೆ ಬಿಟ್ಟು ಎದ್ದು ಬಂದಳು. ದಸರಾ ರಜ ಮುಗಿಯೋಕೆ ಎರಡು ವಾರವೂ ಇರಲಿಲ್ಲ. ಶೆಡ್ಡಿನ ನೀರಿನ ವಿಷಯ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಇವನು ಬಾಯಿ ತೆಗೆದರೆ ಇನ್ನೇನು ಕಾದಿದೆಯೋ ಅಂತ ಭಯ.

"ಮಗ, ನಿನ್ನ ಕಾಲಿಗೆ ಬೀಳ್ತೀನಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅದರ ಮೇಲೆ ಒಂದು ಮಾತೂ ಆಡಬೇಡ."

"ಆಗ್ಲಿ ಕಣವ್ವ" ಅಂದ ಮುದ್ದುಮಾದ.

ಸೋಮವಾರ ಬಂತು. ಉದ್ದನೆ ಮೇಜಿನ ಆಚೆ ಮೂರು ಜನ. ನಡುವೆ ಕೂತಿದ್ದೋರು ರೆಹಾನಾ ಮೇಡಂ, ಸಮಿತಿಯ ಅಧ್ಯಕ್ಷೆ. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು. ಪಕ್ಕದ ಕುರ್ಚಿಯಲ್ಲಿ ಪರೀಕ್ಷಕ ಶೇಷಗಿರಿ. ಮೇಜಿನ ಮೇಲೆ ನಲ್ಲಿ.

ಎಡಗಡೆಯವರು ಕೇಳಿದರು, "ನಿಮ್ಮ ದೂರು ಏನು ಅಂತ ಹೇಳ್ತೀರಾ?"

"ಹೇಳ್ತೀನಿ" ಅಂದ ಮುದ್ದುಮಾದ. ಸುಮ್ಮನಾದ.

ಅವರು ಕಾದರು. ಇವನೂ ಕಾದ.

ಬಲಗಡೆಯವರು ಕೇಳಿದರು, "ಪರೀಕ್ಷೆ ದಿನ ಏನಾಯ್ತು ಅಂತ ನೆನಪಿದೆಯಾ?"

"ಇದೆ."

ಮತ್ತೆ ಎಲ್ಲರೂ ಕಾದರು. ಶೇಷಗಿರಿ ನಕ್ಕರು. "ನೋಡಿ, ಇವನು ಹೀಗೇನೆ. ನಲ್ಲಿ ಸರಿ ಮಾಡು ಅಂತ ನಾನು ಬಿಡಿಸಿ ಹೇಳಿದ್ದೆ. ಇವನಿಗೆ ಅರ್ಥ ಆಗಲಿಲ್ಲ. ನಾನೇನು ಮಾಡಲಿ?"

ಮುದ್ದುಮಾದ ಪರೀಕ್ಷಕರ ಮುಖ ನೋಡಿದ. ಅವರು ಹಾಗೆ ಹೇಳಿರಲಿಲ್ಲ. ಆದರೆ ಯಾರೂ ಅವನನ್ನು ಕೇಳಲೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಅಂತ ಅವ್ವನಿಗೆ ಮಾತು ಕೊಟ್ಟಿದ್ದ. ತುಟಿ ಕಚ್ಚಿಕೊಂಡು ನಿಂತ. ಕಣ್ಣಲ್ಲಿ ನೀರು ತುಂಬಿತು.

ರೆಹಾನಾ ಮೇಡಂ ಅದನ್ನು ನೋಡಿದರು. ಕಡತ ಮುಚ್ಚಿ, ಮೆತ್ತಗೆ ಕೇಳಿದರು, "ಮುದ್ದುಮಾದ, ಅವತ್ತು ಪರೀಕ್ಷಕರು ಬಂದಾಗಿನಿಂದ ಹೋಗೋವರೆಗೂ ಏನೇನು ಮಾತಾಡಿದರು? ಒಂದಕ್ಷರ ಬಿಡದೆ ಹಾಗೇ ಹೇಳು."

ಹಾಗೇ ಹೇಳು ಅಂದರೆ ಮುದ್ದುಮಾದನಿಗಿಂತ ಬಲ್ಲೋರು ಯಾರು? ಕೈ ಕಿವಿಗಿಟ್ಟುಕೊಂಡು ಶುರು ಮಾಡಿದ.

"ಹಲೋ, ಹಾಂ ಹೇಳು. ಇಲ್ಲಮ್ಮ, ಊಟಕ್ಕೆ ಬಂದೇ ಬರ್ತೀನಿ, ಎಲೆ ಹಾಕಿಸಬೇಡ ಸ್ವಲ್ಪ ತಡಿ. ಏಯ್, ನೀನು ಬಾ ಇಲ್ಲಿ. ಇದರಿಂದ ಒಂದು ಹನಿ ನೀರೂ ಬೀಳಬಾರದು, ಹಂಗೆ ಮಾಡು. ಹಲೋ, ನಿನಗಲ್ಲ. ಪ್ರಶ್ನೆ ಹಾಳೆ ಎಲ್ಲ ಕೊಡ್ತಾ ಕೂತರೆ ಸಾಯಂಕಾಲ ಆಗುತ್ತೆ, ಐದೈದು ನಿಮಿಷಕ್ಕೆ ಒಬ್ಬೊಬ್ಬನ್ನ ಮುಗಿಸ್ತೀನಿ. ಆಕ್ಷೀ. ಹೋಳಿಗೆನಾ? ಬಂದೆ ಬಂದೆ. ಫೇಲ್."

ಸೀನಿದ್ದನ್ನೂ ಸೀನಿ ತೋರಿಸಿದ್ದ. ಶೇಷಗಿರಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ರೆಹಾನಾ ಮೇಡಂ ಕೇಳಿದರು, "ಸಾರ್, ಪ್ರತಿಯೊಬ್ಬರಿಗೂ ಬರೆದ ಪ್ರಶ್ನೆ ಹಾಳೆ ಕೊಡಬೇಕು, ನಲವತ್ತು ನಿಮಿಷ ಕೊಡಬೇಕು ಅಂತ ನಿಯಮ ಇದೆ. ಕೊಟ್ಟಿರಾ?"

ಶೇಷಗಿರಿ ನೆಲ ನೋಡಿದರು.

ಸಮಿತಿ ಒಳಗೆ ಹೋಗಿ ಬಂತು. ಮುದ್ದುಮಾದನ ಮೇಲ್ಮನವಿ ಒಪ್ಪಿದೀವಿ, ಗುರುವಾರ ಬೇರೆ ಪರೀಕ್ಷಕರಿಂದ ಮರುಪರೀಕ್ಷೆ, ಅವತ್ತು ಫೇಲಾದ ಉಳಿದವರಿಗೂ ಅದೇ ಅವಕಾಶ, ಅಂತ ಓದಿ ಹೇಳಿದರು.

ದೊಡ್ಡತಾಯಮ್ಮ ವಿಷಯ ಕೇಳಿ ಮಗನ ತಲೆ ಸವರಿದಳು. ಆಮೇಲೆ ಕೋಪ ಬಂತು. ಹೋಳಿಗೆ ಊಟಕ್ಕೋಸ್ಕರ ತನ್ನ ಮಗನನ್ನು ಫೇಲ್ ಮಾಡಿದರಲ್ಲ ಅಂತ ಕೋಪ.

"ನೋಡ್ದಾ ಮಗ, ಅವತ್ತು ನಾವು ಒಪ್ಕೊಂಡು ಸುಮ್ಮನಿದ್ದಿದ್ರೆ ಮುಗೀತಿತ್ತು. ಇನ್ಮೇಲೆ ಅವರು ಏನೇ ಫಲಿತಾಂಶ ಕೊಡಲಿ, ತಲೆಯಾಡಿಸಿ ಬರಬೇಡ. ಅವತ್ತಿನ ದಿನವೇ ಮೇಲ್ಮನವಿ ಹಾಕು."

"ಆಗ್ಲಿ ಕಣವ್ವ" ಅಂದ ಮುದ್ದುಮಾದ.

ಗುರುವಾರ ಹೊಸ ಪರೀಕ್ಷಕಿ ಬಂದರು. ಹಾಳೆ ಕೊಟ್ಟರು. ನಲ್ಲಿಯ ವಾಷರ್ ಬದಲಿಸು, ತಿರುಗಿಸಿದರೆ ನೀರು ಬರಬೇಕು, ನಿಲ್ಲಿಸಿದರೆ ನಿಲ್ಲಬೇಕು, ಅಂತ ಅದರಲ್ಲಿ ಬರೆದಿತ್ತು. ಮುದ್ದುಮಾದ ಬರೆದಷ್ಟು ಮಾಡಿದ, ಬರೆದಷ್ಟೇ ಮಾಡಿದ. ಪರೀಕ್ಷಕಿ ತಿರುಗಿಸಿದರು, ಬಂತು. ನಿಲ್ಲಿಸಿದರು, ನಿಂತಿತು. ಇಡೀ ತಂಡಕ್ಕೆ ಹೆಚ್ಚು ಅಂಕ ಇವನಿಗೇ ಹಾಕಿ, "ಪಾಸು" ಅಂತ ಬರೆದರು.

ಮುದ್ದುಮಾದ ನೆಟ್ಟಗೆ ಆಫೀಸಿಗೆ ಬಂದ. ಚೊಕ್ಕವಾಗಿ ಬರೆದ. "ನನ್ನನ್ನು ಪಾಸು ಮಾಡಿರುತ್ತಾರೆ. ಈ ಫಲಿತಾಂಶಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ."

ಜಯಶೀಲಮ್ಮ ಎರಡು ಸಲ ಓದಿದಳು.

"ಯಾಕಪ್ಪ?"

"ಅವ್ವ ಹೇಳಿದಾಳೆ."

ಬಂದ ಮನವಿ ಬೇಡ ಅನ್ನೋಕೆ ಅವಳಿಗೆ ಅಧಿಕಾರ ಇಲ್ಲ. ನಂಬರು ಹಾಕಿದಳು, ಮುದ್ರೆ ಒತ್ತಿದಳು. "ಇದು ಇತ್ಯರ್ಥ ಆಗೋವರೆಗೆ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ" ಅಂದಳು. ಕತೆ ಕೇಳಿ ದೊಡ್ಡತಾಯಮ್ಮ ಅವತ್ತು ಅಡುಗೆಗೆ ಉಪ್ಪು ಹಾಕೋದನ್ನೇ ಮರೆತಳು. ರಜ ಮುಗಿಯೋಕೆ ಆರು ದಿನ ಉಳಿದಿತ್ತು.

ಐದು ದಿನ ತಾಯಿ ಬಾಗಿಲಲ್ಲೇ ಕೂತಿದ್ದಳು. ಆರನೇ ದಿನ ಸಮಿತಿ ಕರೆಸಿತು. ಮುದ್ದುಮಾದ ಹೋದ. ಮಧ್ಯಾಹ್ನದ ಹೊತ್ತಿಗೆ ಕೈಯಲ್ಲೊಂದು ಲಕೋಟೆ ಹಿಡಿದು, ತಲೆ ತಗ್ಗಿಸಿಕೊಂಡು, ಕಾಲೆಳೆದುಕೊಂಡು ಬಂದ.

"ಏನಾಯ್ತೋ?" ಅಂದಳು ದೊಡ್ಡತಾಯಮ್ಮ.

ಮುದ್ದುಮಾದ ಲಕೋಟೆ ಅವಳ ಮಡಿಲಿಗೆ ಹಾಕಿ, ಪಕ್ಕದಲ್ಲಿ ಕುಕ್ಕರಿಸಿದ.

"ನನ್ನ ಕೈಲಾದಷ್ಟು ವಾದ ಮಾಡಿದೆ ಕಣವ್ವ. ಮೂರು ಜನವೂ ಒಪ್ಪಲಿಲ್ಲ. ಮನವಿ ವಜಾ ಆಯ್ತು. ಇನ್ನು ಜೀವಮಾನ ಪೂರ್ತಿ ಪಾಸಾಗೇ ಇರಬೇಕಂತೆ."