ಕಾಕಂಬಿ ಪಂಪಿಗೆ ಸಾಹೇಬರ ಕೈಗುಣ

ಚಳಿಗಾಲದ ಮುಂಜಾನೆ. ಸಕ್ಕರೆ ಕಾರ್ಖಾನೆಯ ಟ್ಯಾಂಕಿನಲ್ಲಿ ಸಕ್ಕರೆ ತೆಗೆದು ಉಳಿದ ಕಪ್ಪು ಪಾಕ, ಕಾಕಂಬಿ, ಅಂಟಿನ ಹಾಗೆ ಗಟ್ಟಿಯಾಗಿತ್ತು. ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು ಅದನ್ನು ಎಳೆಯಲಾರದೆ ಸುಮ್ಮನೆ ಗುಂಯ್‌ಗುಡುತ್ತಿತ್ತು. ಟ್ಯಾಂಕಿಗೆ ಒಂದಿಷ್ಟು ಹಬೆ ಬಿಟ್ಟರೆ ಕಾಕಂಬಿ ತೆಳ್ಳಗಾಗಿ ಹರಿಯುತ್ತಿತ್ತು. ಆದರೆ ಹೊಸ ಮ್ಯಾನೇಜರ್ ಹುದ್ದಾರ ಸಾಹೇಬರು ಅದು ದುಂದುಗಾರಿಕೆಯೆಂದು ಹಬೆಯ ವಾಲ್ವಿಗೆ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿದ್ದರು.

"ಪಂಪ್ ಸರಿ ಐತಿ, ನೀನ ಮೈಗಳ್ಳ! ಇವತ್ತ ಕಾರ್ಖಾನಿ ಚೇರಮನ್ನರು ಬಂದಾಗ ಟ್ಯಾಂಕರ್ ತುಂಬಲಿಲ್ಲಂದ್ರ ಮನಿಗೆ ನಡಿ!"

ಬೈಸಿಕೊಂಡ ಪಂಪ್ ಆಪರೇಟರ್ ಯಮನಪ್ಪ ಗೇಟು ನೋಡಿದ, ಪಂಪು ನೋಡಿದ, ಮತ್ತೆ ಗೇಟು ನೋಡಿದ. ಆಮೇಲೆ ಓಡಿಹೋಗಿ ಚೆಂಡುಹೂವಿನ ಹಾರ, ತೆಂಗಿನಕಾಯಿ ತಂದ.

"ಇದ್ಯಾಕೋ?"

"ನನ್ನ ಕೈಗುಣಾನ ಸರಿ ಇಲ್ರಿ ಸಾಹೇಬ್ರ. ಚೇರಮನ್ನರ ಎದುರಿಗೆ ನೀವ ಕಾಯಿ ಒಡದು ಬಟನ್ ಒತ್ರಿ. ಹಬಿ ಇಲ್ಲದ ಹ್ಯಾಂಗ ಹರೀತದಂತ ಮಂದಿ ನೋಡ್ಲಿ. ಎಲ್ಲಾರಿಗೂ ಹೇಳಿ ಬಂದೇನ್ರಿ."

ಸಾಹೇಬರ ಹಣೆ ಆ ಚಳಿಯಲ್ಲೂ ಬೆವರಿತು. ಅತ್ತಿತ್ತ ಶತಪಥ ಹಾಕಿದರು. ಜೇಬು ಮುಟ್ಟಿ ನೋಡಿಕೊಂಡರು.

"ಊದಿನಕಡ್ಡಿ ಎಲ್ಲಿ? ಹೋಗಿ ತಾ!"

ಊದಿನಕಡ್ಡಿ ಯಮನಪ್ಪನ ಜೇಬಿನಲ್ಲೇ ಇತ್ತು. ಆದರೂ ಅವನು ಹೋಗಿ, ಸಾವಕಾಶ ಚಹಾ ಕುಡಿದು ಬಂದ. ಅಷ್ಟರಲ್ಲಿ ಟ್ಯಾಂಕು ಬೆಚ್ಚಗಾಗಿತ್ತು. ಸಾಹೇಬರ ಬಿಳಿ ಅಂಗಿಯ ತೋಳಿಗೆ ವಾಲ್ವಿನ ತುಕ್ಕು ಮೆತ್ತಿತ್ತು.

ಚೇರಮನ್ನರು ಬಂದರು. ಸಾಹೇಬರು ಬಟನ್ ಒತ್ತಿದರು. ಕಾಕಂಬಿ ದಬದಬನೆ ಟ್ಯಾಂಕರಿಗೆ ಬಿತ್ತು.

"ಏನ್ ಕೈಗುಣ್ರೀ ನಿಮ್ದು!" ಚೇರಮನ್ನರು ಬೆನ್ನು ತಟ್ಟಿದರು. "ನಾಳಿಂದ ದಿನಾ ನಸುಕಿನ್ಯಾಗ ನೀವ ಬಂದು ಒತ್ರಿ."

ಅವರ ಕಾರು ಗೇಟು ದಾಟುವ ಮೊದಲೇ ಹಬೆಯ ವಾಲ್ವಿನ ಕೀಲಿಕೈ ಯಮನಪ್ಪನ ಅಂಗೈಯಲ್ಲಿತ್ತು.