ಕಾಲೊರಸವ್ವನ ದಿಬ್ಬ

ನಮ್ಮೂರ ಕೆರೆಯ ಕೆಳಗೆ, ಸವಳು ಹಿಡಿದು ಬೆಳ್ಳಗಾದ ಹೊಲದ ನಡುವೆ ಒಂದು ದಿಬ್ಬವಿದೆ. ದಿಬ್ಬದ ತುಂಬ ತೊಗರಿ, ತೊಗರಿಯ ನಡುವೆ ಬಗ್ಗಿ ಹೋಗಬೇಕಾದ ಒಂದು ಗುಡಿ. ಬೇರೆ ಗುಡಿಗಳಲ್ಲಿ ಕಾಲು ತೊಳೆದು ಒಳಗೆ ಹೋಗುತ್ತೀರಿ. ಇಲ್ಲಿ ಹಾಗೆ ಮಾಡಿ ನೋಡಿ, ಪೂಜಾರಿ ಬಾಗಿಲಲ್ಲೇ ತಡೆದು ಒಣಬಟ್ಟೆ ಕೊಡುತ್ತಾನೆ. ಕಾಲೊರಸವ್ವನಿಗೆ ಅಭಿಷೇಕವಿಲ್ಲ, ತೀರ್ಥವಂತೂ ಇಲ್ಲವೇ ಇಲ್ಲ. ತೀರ್ಥ ಕೇಳಿದವರನ್ನು ನಾನೇ ಗದರಿಸಿ ಕಳಿಸಿದ್ದೇನೆ.

ಹಿಂದೆ ಒಮ್ಮೆ ಈ ಹೊಲವೆಲ್ಲ ನಿಂಗನಗೌಡನದಾಗಿತ್ತು ಎನ್ನುತ್ತಾರೆ. ಮನುಷ್ಯ ಒಳ್ಳೆಯವನೇ, ಆದರೆ ಪ್ರೀತಿ ಉಕ್ಕಿದರೆ ಎದುರಿನವರಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಊಟಕ್ಕೆ ಕೂತ ಬೀಗರು ಸಾಕು ಸಾಕೆಂದು ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ ಸುರಿಯುತ್ತಿದ್ದ. ಅದೇ ಪ್ರೀತಿಯಿಂದ ಕೆರೆಯ ಕಾಲುವೆ ಒಡೆದು ತೊಗರಿಗೆ ನೀರು ಬಿಟ್ಟ. ತೊಗರಿ ಹಳದಿಯಾಯಿತು. ಬಾಯಾರಿದೆ ಪಾಪ ಎಂದು ಇನ್ನಷ್ಟು ಬಿಟ್ಟ. ಬೇರು ಕೊಳೆತು ಗಿಡ ತಲೆ ಬಾಗಿಸಿದರೆ, ನಮಸ್ಕಾರ ಮಾಡುತ್ತಿದೆ ಎಂದ. ನಿಂತ ನೀರು ಆರಿದ ಕಡೆಯಲ್ಲೆಲ್ಲ ನೆಲದಡಿಯ ಉಪ್ಪು ಮೇಲೆದ್ದಿತು. ಅದರಲ್ಲಿ ಬಿತ್ತಿದ ಕಡಲೆ ಮೊಳಕೆಯಲ್ಲೇ ಸುಟ್ಟುಹೋಯಿತು. ಊರಿಗೆಲ್ಲ ಬೀಜ ಕೊಡುತ್ತಿದ್ದ ಆ ಮನೆಯಲ್ಲಿ ಕೊನೆಗೆ ಉಳಿದದ್ದು ಒಂದು ಗಡಿಗೆ ತೊಗರಿ. ಅದೂ ಹೋದರೆ ಮರುವರ್ಷ ಯಾರ ಮನೆಯ ಸಾರಿಗೂ ಬೇಳೆಯಿಲ್ಲ.

ಗೌಡನ ಹೆಂಡತಿ ಗುರುಸಿದ್ದವ್ವ ಆ ಗಡಿಗೆ ಎತ್ತಿಕೊಂಡು, ನೀರು ಹತ್ತದ ಈ ದಿಬ್ಬಕ್ಕೆ ಬಂದು ಬಿತ್ತಿದಳು. ಸಸಿ ಹಸಿರಾಗಿ ಎದ್ದಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಕಾಯತೊಡಗಿದಳು. ಹಕ್ಕಿಗಿಂತ ಅವಳಿಗೆ ಗಂಡನದೇ ಭಯ. ಅಂದುಕೊಂಡಂತೆ ಸುದ್ದಿ ಕೇಳಿದ್ದೇ ಗೌಡ ಕೊಡ ಹೊತ್ತು ಬಂದ. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಹೆಂಡತಿಯ ಮಾತು ಅವನ ಕಿವಿಗೆ ಬೀಳದು, ದೇವರ ಮಾತು ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೇಲೆದ್ದು, ತಾನು ಕೂತಿದ್ದ ಕಲ್ಲಿಗೇ ಕೈಮುಗಿದಳು.

"ಈ ಅವ್ವ ಕನಸಿನಾಗ ಬಂದಿದ್ಲರೀ. ನನ್ನ ಕಾಲು ತೊಯ್ಸಬ್ಯಾಡ ಅಂತ ನಿನ್ನ ಗಂಡಗ ಹೇಳು ಅಂದ್ಲು."

ಗೌಡ ಥಟ್ಟನೆ ಹಿಂದೆ ಸರಿದ. ಕೊಡ ದೂರವಿಟ್ಟು, ತಲೆಯ ರುಮಾಲು ಬಿಚ್ಚಿ, ಮೊದಲು ಕಲ್ಲನ್ನು, ಆಮೇಲೆ ತನ್ನ ಕಾಲನ್ನು ಒರಸಿದ. ಮಳೆಯ ನೀರೂ ಅವ್ವನ ಬಳಿ ನಿಲ್ಲಬಾರದೆಂದು ದಿಬ್ಬದ ಸುತ್ತ ತಾನೇ ಬಸಿಗಾಲುವೆ ತೋಡಿದ. ಆ ವರ್ಷ ದಿಬ್ಬದ ತೊಗರಿ ಊರಿಗೆಲ್ಲ ಬೀಜವಾಯಿತು.

ಆ ಬಸಿಗಾಲುವೆ ಈಗಲೂ ಇದೆ. ಬಿತ್ತುವ ಮುನ್ನ ಜನ ಒಂದು ಹಿಡಿ ತೊಗರಿ ತಂದು ಅವ್ವನ ಮುಂದಿಡುತ್ತಾರೆ. ಗುಡಿಯೊಳಗೆ ಇಣುಕಿದರೆ ಮೂರ್ತಿಯೇನೂ ಕಾಣದು. ಒಬ್ಬರು ಕೂರುವಷ್ಟು ಅಗಲದ, ನಡುವೆ ತುಸು ತಗ್ಗಾದ ಕಲ್ಲು ಅಷ್ಟೇ. ಗೌಡ ಬದುಕಿರುವ ತನಕ ದಿನವೂ ಬಂದು ಅದಕ್ಕೆ ಅಡ್ಡಬೀಳುತ್ತಿದ್ದನಂತೆ. ಗುರುಸಿದ್ದವ್ವ ಪಕ್ಕದಲ್ಲಿ ನಿಂತು, "ಇನ್ನ ಸ್ವಲ್ಪ ಬಗ್ರೀ" ಎನ್ನುತ್ತಿದ್ದಳಂತೆ.